ಎಮ್ಮೆಗಳ ಬೆನ್ನು ಹತ್ತಿದ ಭಾನುವಾರ

ನಾನು ಚಿಕ್ಕವನಿದ್ದಾಗ ಎಮ್ಮೆಗಳನ್ನು ನಂಬಿ ಒಮ್ಮೆ ಪೂರಾ ಕೆಟ್ಟೆ. ಈಗಲೇ ನಗಬೇಡಿ, ಕಥೆ ಮುಗಿಯಲಿ. ಎಪ್ಪತ್ತರ ದಶಕದ ಮಾತು, ನನಗಾಗ ಏಳು ವರ್ಷ. ಖಾನಾಪುರದ ಕಡೆ ಅಡವಿಯಂಚಿನ ಹಳ್ಳಿಯಲ್ಲಿ ಎಮ್ಮೆ ಕಾಯುತ್ತಿದ್ದ ನಮ್ಮಪ್ಪನಿಗೆ ಬೆಳಗಾವಿಯ ಶಹಾಪುರದಲ್ಲಿ, ಮಗ್ಗದ ಕಾರಖಾನೆಯೊಂದರಲ್ಲಿ ಪಗಾರದ ಕೆಲಸ ಸಿಕ್ಕಿತು. ನಾಲ್ಕೂ ಎಮ್ಮೆಗಳನ್ನು ಮಾರಿ, ಪಾತ್ರೆ ಪಗಡ ಗಂಟು ಕಟ್ಟಿಕೊಂಡು ಅಪ್ಪ, ಅವ್ವ, ಅಕ್ಕ, ನಾನು ಒಂದು ಬಾಡಿಗೆ ಖೋಲಿಗೆ ಬಂದಿಳಿದೆವು. ಆ ನಾಲ್ಕರಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಚಂದ್ರಿ ನನ್ನದು. ಅದನ್ನು ಮಾರಿದ ಸಿಟ್ಟಿಗೆ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದೆ.

ಬಂದ ಮೊದಲ ಭಾನುವಾರ ಅಪ್ಪ ನಮಗೆ ಊರು ತೋರಿಸಲು ಹೊರಟ. ಊರು ಅವನಿಗೂ ಹೊಸದೇ. ಆದರೆ ಹುಟ್ಟಿದಾಗಿನಿಂದ ಇಲ್ಲೇ ಇದ್ದವನ ಹಾಗೆ ಮುಂದೆ ಮುಂದೆ ನಡೆಯುತ್ತಿದ್ದ. ನನಗೋ ಹೆಜ್ಜೆಹೆಜ್ಜೆಗೂ ಎದೆ ಧಸಕ್ಕೆನ್ನುತ್ತಿತ್ತು. ಬೆನ್ನ ಹಿಂದೆಯೇ ಬಸ್ಸಿನ ಹಾರ್ನ್ ಕಿರುಚಿದಾಗ ನಾನು ಗಟಾರ ಹಾರಿ ಯಾರದೋ ಮನೆಯ ಕಟ್ಟೆ ಏರಿ ನಿಂತೆ. ಕೋಟೆಯೊಳಗಿನ ಕಮಲ ಬಸದಿಯಲ್ಲಿ ತಲೆ ಎತ್ತಿದರೆ, ಅಬ್ಬಬ್ಬಾ, ಛಾವಣಿಯಿಂದ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಇಳಿಬಿದ್ದಿತ್ತು! ನನ್ನ ಮೇಲೇ ಬಿತ್ತೆಂದು ಅಕ್ಕನ ಹಿಂದೆ ಅಡಗಿದೆ.

"ಇಷ್ಟ ವರ್ಷ ಬಿದ್ದಿಲ್ಲ, ನಿನ್ನ ಸಲುವಾಗಿ ಇವತ್ತ ಬೀಳತೈತೇನೋ?" ಎಂದು ಅಕ್ಕ ನಕ್ಕಳು.

ಸಂಜೆ ಕೋಟೆಯ ಕೆರೆಯ ದಂಡೆಗೆ ಬಂದೆವು. ಹುರಿದ ಶೇಂಗಾದ ವಾಸನೆ, ಐಸ್‌ಕ್ಯಾಂಡಿಯವನ ಗಂಟೆ, ಗಾಳಿ ತುಂಬಿದ ಬಣ್ಣದ ಬುಗ್ಗೆಗಳು. ಅಷ್ಟು ಜನರನ್ನು ನಾನು ಒಟ್ಟಿಗೆ ಎಂದೂ ಕಂಡಿರಲಿಲ್ಲ. ಒಬ್ಬ ಮುದುಕ ತೂತಿನೊಳಗೆ ಕಣ್ಣಿಟ್ಟು ಚಿತ್ರ ನೋಡುವ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಅಕ್ಕನ ಕೈ ಬಿಟ್ಟು ನಾನು ಬಗ್ಗಿ ಕಣ್ಣಿಟ್ಟೆ. ಅರಮನೆ ಬಂತು, ಆನೆ ಬಂತು, ಸಮುದ್ರ ಬಂತು. ಕಣ್ಣು ತೆಗೆದು ನೋಡಿದರೆ ನಮ್ಮವರು ಒಬ್ಬರೂ ಇಲ್ಲ. ನಾನು ಅಪ್ಪನ ಜೊತೆಗಿದ್ದೇನೆಂದು ಅಕ್ಕ ತಿಳಿದಿದ್ದಳು, ಅಕ್ಕನ ಜೊತೆಗಿದ್ದೇನೆಂದು ಅಪ್ಪ ತಿಳಿದಿದ್ದ.

ಅತ್ತ ಓಡಿದೆ, ಇತ್ತ ಓಡಿದೆ, ಎಲ್ಲ ಬೇರೆಯವರ ಅಪ್ಪ, ಬೇರೆಯವರ ಅವ್ವ. ಇನ್ನೇನು ಅಳಬೇಕು ಅನ್ನುವಾಗ ಅಪ್ಪನ ಮಾತು ನೆನಪಾಯಿತು. ಅಡವಿಗೆ ಹೋಗುವಾಗಲೆಲ್ಲ ಅವನು ಹೇಳುತ್ತಿದ್ದ: "ದಾರಿ ತಪ್ಪಿದ್ರ ಅಳಬ್ಯಾಡ ತಮ್ಮಾ. ಎಮ್ಮಿ ಬೆನ್ನ ಹತ್ತು. ಅದಕ್ಕ ಮನಿ ಗೊತ್ತಿರತೈತಿ."

ಅದೇ ಹೊತ್ತಿಗೆ ಕೆರೆಯಲ್ಲಿ ಮಿಂದ ಏಳೆಂಟು ಎಮ್ಮೆಗಳು ನೀರು ತೊಟ್ಟಿಕ್ಕಿಸುತ್ತ ದಂಡೆ ಹತ್ತಿದವು. ಒಂದರ ಹಣೆಯ ಮೇಲೆ ಬಿಳಿ ಚುಕ್ಕೆ! ಚಂದ್ರಿಯೇ ಅಂದುಕೊಂಡೆ. ಹೆದರಿಕೆ ಅರ್ಧ ಇಳಿಯಿತು. ಅದರ ಬಾಲದ ಹಿಂದೆಯೇ ಧೈರ್ಯವಾಗಿ ನಡೆದೆ. ಸಂದಿಗೊಂದಿಗಳನ್ನು ದಾಟಿ ಎಮ್ಮೆಗಳು ಒಂದು ಕೊಟ್ಟಿಗೆಗೆ ನುಗ್ಗಿದವು. ನಾನೂ ನುಗ್ಗಿದೆ. ಅದೇ ಸಗಣಿ ಗಂಜಲದ ವಾಸನೆ, ಅದೇ ಹಿಂಡಿ ನೆನೆಸಿದ ಬಕೆಟ್ಟು. ಆದರೆ ಕೊಟ್ಟಿಗೆಯ ಮೂಲೆಯಿಂದ ಎದ್ದು ಬಂದವಳು ನಮ್ಮ ಅವ್ವ ಅಲ್ಲ. ಯಾರೋ ದಪ್ಪನೆಯ, ತಲೆ ನರೆತ ಆಯಿ! ಎಮ್ಮೆಗಳು ಸುಳ್ಳು ಹೇಳಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಯಾರ ಮಗನೋ ನೀ? ಮನಿ ಎಲ್ಲೈತಿ?" ಆಯಿ ಕೇಳಿದಳು.

"ಮಗ್ಗದ ಸಪ್ಪಳ ಬರತೈತಲ್ಲ, ಅಲ್ಲಿ," ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

"ಅಯ್ಯ ನನ್ನಪ್ಪಾ! ಶಹಾಪುರದಾಗ ಯಾವ ಗಲ್ಲಿಗಿ ಹೋದ್ರೂ ಅದ ಸಪ್ಪಳ. ಯಾವ ಬಾಗಲಾ ಅಂತ ಬಡೀಲಿ?"

ಆಗ ಒಡೆಯಿತು ನೋಡಿ ನನ್ನ ಅಳು. ಇನ್ನು ಅವ್ವನ ಮುಖ ನೋಡುವುದಿಲ್ಲ, ಈ ಕೊಟ್ಟಿಗೆಯಲ್ಲೇ ದೊಡ್ಡವನಾಗುತ್ತೇನೆ ಅನಿಸಿತು. ಆಯಿ ಕೊಟ್ಟ ಬಿಸಿ ಹಾಲನ್ನು ಮುಟ್ಟಲಿಲ್ಲ. ಪಕ್ಕದ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದು. ತಲೆ ಎತ್ತಿದರೆ ಅಪ್ಪ! ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡ ಅವ್ವ, ಅತ್ತು ಅತ್ತು ಮುಖ ಊದಿಸಿಕೊಂಡ ಅಕ್ಕ. ಅಕ್ಕ ಓಡಿ ಬಂದು ಬೆನ್ನಿಗೊಂದು ಗುದ್ದಿ, ಮರುಕ್ಷಣವೇ ನನ್ನನ್ನು ತಬ್ಬಿಕೊಂಡಳು. "ಎಮ್ಮಿ ಸುಳ್ಳ ಹೇಳಿದ್ವು ಅಪ್ಪಾ," ಎಂದು ಬಿಕ್ಕಿದೆ. ಅಪ್ಪ ಬೈಯಲಿಲ್ಲ. "ಎಮ್ಮಿ ಖರೇನ ಮಾಡ್ಯಾವೋ ಹುಚ್ಚಪ್ಪಾ, ತಮ್ಮ ಮನಿಗಿ ತಾವು ಬಂದಾವು," ಎಂದ. ಅವನ ದನಿ ನಡುಗುತ್ತಿತ್ತು. ಅಪ್ಪನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವನು ಹೇಗೆ ಬಂದನೆಂದು ದಾರಿಯಲ್ಲಿ ಅಕ್ಕ ಹೇಳಿದಳು. ಪೊಲೀಸ್ ಚೌಕಿಗೆ ಹೋಗಿರೆಂದು ಜನ ಹೇಳುತ್ತಿದ್ದರಂತೆ. ಅಪ್ಪ ಮಾತ್ರ, ಕೆರೆಯಲ್ಲಿ ಬಿದ್ದುಕೊಂಡಿದ್ದ ಎಮ್ಮೆಗಳು ಕಾಣದ್ದನ್ನು ನೋಡಿ, ಐಸ್‌ಕ್ಯಾಂಡಿಯವನಿಗೆ ಒಂದೇ ಒಂದು ಮಾತು ಕೇಳಿದನಂತೆ: "ಎಮ್ಮಿ ಯಾವ ಕಡೆ ಹೋದೂರೀ?" ಪಾಪ, ಎಮ್ಮೆ ಕಳಕೊಂಡವನೆಂದು ತಿಳಿದು ಅವನು ಗಲ್ಲಿ ತೋರಿಸಿದ. ಅಲ್ಲಿಂದ ಮುಂದೆ ಅಪ್ಪ ಹಸಿ ಸಗಣಿ ನೋಡಿಕೊಂಡೇ ಬಂದ.

ಮಕ್ಕಳೇ, ಮೊನ್ನೆ ವಸ್ತುಪ್ರದರ್ಶನದ ಗದ್ದಲದಲ್ಲಿ ನಿಮ್ಮಲ್ಲಿ ಕಿರಿಯವನು ನನ್ನ ಕೈ ಬಿಡಿಸಿಕೊಂಡು ಹೋದನಲ್ಲ, ಐದು ನಿಮಿಷದಲ್ಲಿ ಸಿಕ್ಕ. ತಾನೇ ಕಾವಲಿನವನ ಹತ್ತಿರ ಹೋಗಿ ಅಮ್ಮನ ಫೋನ್ ನಂಬರನ್ನು ಪಟಪಟನೆ ಹೇಳಿದ್ದ. ಶಾಣ್ಯಾ! ನಿಮ್ಮ ಫೋನಿನ ನಕಾಶೆಯಲ್ಲಿ ನಮ್ಮ ಮನೆಯ ಬಾಗಿಲೂ ಕಾಣುತ್ತದೆ. ನಾನೂ ಒಪ್ಪುತ್ತೇನೆ, ನೀವು ನಮಗಿಂತ ಶಾಣ್ಯಾರು. ಆದರೆ ಆ ಐದು ನಿಮಿಷ ಈ ಅಜ್ಜ ಆ ಗದ್ದಲದಲ್ಲಿ ನಿಂತಲ್ಲೇ ನಿಂತಿದ್ದ. ಅಪ್ಪನ ಹಾಗೆ ಯಾರನ್ನಾದರೂ ಕೇಳೋಣವೆಂದರೆ, ಏನು ಕೇಳಬೇಕೆಂದೇ ತಿಳಿಯಲಿಲ್ಲ. ನನ್ನ ಮೊಮ್ಮಗ ದಾರಿ ತಪ್ಪಿದರೆ ಯಾವುದರ ಬೆನ್ನು ಹತ್ತುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಅದಕ್ಕೇ ಇಷ್ಟೆಲ್ಲ ಹೇಳಿದೆ. ಈಗ ಆ ಫೋನ್ ಬಾಜೂಕ ಇಡ್ರಿ, ಹತ್ತರ ಬಂದು ಕುಂದರ್ರಿ. ಒಬ್ಬೊಬ್ಬರ ಹೇಳ್ರಿ ನೋಡೂಣು, ನಿಮ್ಮ ಎಮ್ಮಿ ಯಾವುದು?