ಹತ್ತಿದರೂ ಭಯ, ಹತ್ತದಿದ್ದರೂ ಭಯ

ಭಯವನ್ನು ರೇಷನ್ ಅಂಗಡಿಯಲ್ಲಿ ಪುಕ್ಕಟೆ ಹಂಚಿದರೂ ತಾನು ಚೀಲ ಹಿಡಿದು ನಿಲ್ಲುವವನಲ್ಲ ಎಂದು ಚನ್ನಪಟ್ಟಣದ ತಾಜ್ ಪಾಷಾ ಹೇಳಿಕೊಂಡು ಬಂದು ಮೂವತ್ತು ವರ್ಷವಾಯಿತು. ಲೇತ್ ಮುಂದೆ ಕುಳಿತು ಬುಗುರಿ, ಗಿಲಕಿ ಮಾಡುವ ಕೈ ಅವನದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದನೆಂದರೆ ಬಣ್ಣ ಎಷ್ಟು ನುಣ್ಣಗೆ ಕೂರುತ್ತಿತ್ತೆಂದರೆ, ಅದರ ಮೇಲೆ ಇಳಿದ ನೊಣ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು.

ಅಂಥ ಗಂಡೆದೆಯನ್ನು ಒಂದು ಭಾನುವಾರ ಕಡಲೆಕಾಳಿನಷ್ಟು ದೀಪವೊಂದು ಅಲ್ಲಾಡಿಸಿಬಿಟ್ಟಿತು.

ಮಗಳು ಕೆಹಕಶಾನ್‌ಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ. ಅವಳ ಪಾಳಿ ಬದಲಾಗಿ ಕಂಪನಿ ಬಸ್ಸು ಹೊಂದುತ್ತಿರಲಿಲ್ಲ. ಸೋಮವಾರದಿಂದ ತಾನೇ ಕಾರು ಓಡಿಸಿಕೊಂಡು ಹೋಗುವುದೆಂದು ಅವಳು ತೀರ್ಮಾನಿಸಿದ್ದಳು. ಮನೆಯಲ್ಲಿದ್ದ ಹಳೇ ಕಾರನ್ನು ಒಮ್ಮೆ ಪರೀಕ್ಷೆ ಮಾಡೋಣವೆಂದು ಪಾಷಾ ಕೂಟಗಲ್ ಕಡೆ ಹೊರಟಿದ್ದ. ಅರ್ಧ ದಾರಿಯಲ್ಲಿ ಸ್ಟೇರಿಂಗ್ ಹಿಂದೆ ಎಣ್ಣೆ ಡಬ್ಬಿಯ ಚಿತ್ರ ಕೆಂಪಗೆ ಹತ್ತಿತು. ಎಂಜಿನ್ ಸತ್ತೇಹೋಯಿತೆಂದು ಅವನು ರಸ್ತೆ ನಡುವೆಯೇ ಕೀ ತಿರುಗಿಸಿ, ಸತ್ತವರಿಗೆ ಹೇಳುವ ಪ್ರಾರ್ಥನೆಯನ್ನೂ ಹೇಳಿ ಮುಗಿಸಿದ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಸಾತನೂರು ರಸ್ತೆಯ ಗ್ಯಾರೇಜು ತಲುಪುವಷ್ಟರಲ್ಲಿ, ಅವನ ತಲೆಯೊಳಗೆ ಮಗಳ ಕಾರು ಹೆದ್ದಾರಿಯಲ್ಲಿ ಹನ್ನೊಂದು ಲಾರಿಗಳ ಮುಂದೆ ಹನ್ನೊಂದು ಸಲ ನಿಂತುಹೋಗಿತ್ತು.

ಗ್ಯಾರೇಜಿನ ಚನ್ನಲಿಂಗಪ್ಪ ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು.

"ಎಂಜಿನ್ ಹೋಯ್ತೇನ್ಲಾ?" ಪಾಷಾ ಬಾನೆಟ್ಟಿನೊಳಗೆ ತಲೆ ತೂರಿಸಿ ಕೇಳಿದ.

"ಬಾಯ್ ಮುಚ್ಕೊಂಡು ಒಸಿ ನಿಂತ್ಕೊ. ಕಾರ್‌ಗಿಂತ ನೀನೇ ಜಾಸ್ತಿ ನಡುಗ್ತಿದ್ದೀಯ."

ಚನ್ನಲಿಂಗಪ್ಪ ಅಳತೆ ಕಡ್ಡಿ ಎಳೆದು ನೋಡಿದ, ಎಣ್ಣೆ ತುಂಬಿತ್ತು. ಎಂಜಿನ್ ಪಕ್ಕದಿಂದ, ಆ ದೀಪ ಹತ್ತಿಸುವ ಹೆಬ್ಬೆರಳು ಗಾತ್ರದ ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಎಣ್ಣೆಯ ಒತ್ತಡ ಅಳೆಯುವ ಮೀಟರ್ ಕೂರಿಸಿ ಸ್ಟಾರ್ಟ್ ಮಾಡಿದ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

"ಎಂಜಿನ್ ಗುಂಡುಕಲ್ಲಂಗೈತೆ. ಸುಳ್ಳು ಹೇಳ್ತಿರೋದು ಈ ಸೆನ್ಸರ್ರು. ನೋಡು, ಮೈಯೆಲ್ಲಾ ಎಣ್ಣೆ ಸೋರಿಸ್ಕೊಂಡೈತೆ."

ಹೊಸ ಸೆನ್ಸರ್ ತರಿಸಿ ಬಟ್ಟೆಯ ಮೇಲಿಟ್ಟು, "ಮುದ್ದೆ ಆರೋಯ್ತದೆ, ಉಂಡ್ಬುಟ್ಟು ಬತ್ತೀನಿ. ಏನೂ ಮುಟ್ಬ್ಯಾಡ" ಎಂದು ಚನ್ನಲಿಂಗಪ್ಪ ಮನೆಗೆ ನಡೆದ.

ಪಾಷಾ ಸೆನ್ಸರನ್ನು ನೋಡಿದ. ತಿರುಪಿನ ಸುತ್ತಿನ ಮೇಲೆ ಏನೂ ಇಲ್ಲ, ಬರೀ ಬೆತ್ತಲೆ ಲೋಹ. ಇದೂ ಸೋರಿದರೆ? ನಾಳೆ ಬೆಳಿಗ್ಗೆ, ಲಾರಿಗಳ ನಡುವೆ? ಮೂವತ್ತು ವರ್ಷದಲ್ಲಿ ಅರಗು ಕಾಣದೆ ಅವನ ಕೈ ದಾಟಿದ ವಸ್ತುವೇ ಇರಲಿಲ್ಲ. ಜೇಬಿನಲ್ಲಿ ಹಳದಿ ಅರಗಿನ ತುಂಡೊಂದಿತ್ತು, ಬೀಡಿ ಹಚ್ಚುವ ಲೈಟರೂ ಇತ್ತು. ಅರಗು ಕಾಸಿ, ಆ ಸುತ್ತುಗಳಿಗೆಲ್ಲ ದಪ್ಪಗೆ ಮೆತ್ತಿ, ಬಿಸಿ ಇರುವಾಗಲೇ ಸೆನ್ಸರನ್ನು ಎಂಜಿನ್ನಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ, ವೈರು ಸಿಕ್ಕಿಸಿ, ಬೆಕ್ಕಿನ ಹಾಗೆ ಬೆಂಚಿನ ಮೇಲೆ ಬಂದು ಕೂತ.

ಉಂಡು ಬಂದ ಚನ್ನಲಿಂಗಪ್ಪ, "ಮುಟ್ಬ್ಯಾಡ ಅಂದ್ರೆ ಕೂರಿಸೇ ಬುಟ್ಟಿದ್ದೀಯಲ್ಲಾ!" ಎಂದು ನಗುತ್ತಾ ಒಂದೇ ಸಲಕ್ಕೆ ಕೀ ತಿರುಗಿಸಿ ಸ್ಟಾರ್ಟ್ ಮಾಡಿದ. ಕೆಂಪು ದೀಪ ಇಲ್ಲ. ಪಾಷಾ ಮನೆಗೆ ಓಡಿಸಿಕೊಂಡು ಹೋದದ್ದಲ್ಲ, ತೇಲಿಕೊಂಡು ಹೋದ.

ಸಂಜೆ ಕೆಹಕಶಾನ್ ಕಾರಿನಲ್ಲಿ ಕೂತು ಕೀಯನ್ನು ಅರ್ಧ ಮಾತ್ರ ತಿರುಗಿಸಿದಳು. ಬ್ಯಾಟರಿ ದೀಪ ಹತ್ತಿತು. ಅವಳು ಅಲ್ಲೇ ನಿಲ್ಲಿಸಿದಳು.

"ಅಬ್ಬಾಜಾನ್, ಸ್ಟಾರ್ಟ್ ಆಗೋಕ್ ಮುಂಚೆ ಎಣ್ಣೆ ದೀಪಾನೂ ಹತ್ಬೇಕು. ಹತ್ತಿ, ಸ್ಟಾರ್ಟ್ ಆದ್ಮೇಲೆ ಆರ್ಬೇಕು. ಇದು ಹತ್ತಲೇ ಇಲ್ಲ."

"ಹತ್ತದೇ ಇದ್ರೆ ಒಳ್ಳೇದಲ್ವೇನಮ್ಮಾ?"

"ದಾರೀಲಿ ಎಣ್ಣೆ ಪೂರ್ತಿ ಖಾಲಿಯಾದ್ರೂ ಇದು ಹತ್ತಲ್ಲ. ಎಂಜಿನ್ ಜಾಮ್ ಆದ್ಮೇಲೇ ನಂಗೆ ಗೊತ್ತಾಗೋದು."

ಬೆಳಿಗ್ಗೆ ದೀಪ ಹತ್ತಿದ್ದಕ್ಕೆ ಒಂದು ಜೀವ ಹೋಗಿತ್ತು. ಈಗ ಹತ್ತಲಿಲ್ಲವೆಂದು ಇನ್ನೊಂದು ಹೋಯಿತು. ಹನ್ನೊಂದಿದ್ದ ಲಾರಿ ಇಪ್ಪತ್ತೆರಡಾದವು. ಪಾಷಾ ಮಗಳನ್ನು ಕೂರಿಸಿಕೊಂಡು, ಎತ್ತಿನ ಗಾಡಿಗೂ ದಾರಿ ಬಿಡುತ್ತಾ ಮತ್ತೆ ಗ್ಯಾರೇಜಿಗೆ ಬಂದ.

ಚನ್ನಲಿಂಗಪ್ಪ ಸೆನ್ಸರಿನ ವೈರು ಕಿತ್ತು ಎಂಜಿನ್ ಮೈಗೆ ತಾಗಿಸಿದ. ದೀಪ ಹತ್ತಿತು.

"ಬಲ್ಬು ಸರಿಯಾಗೈತೆ, ವೈರೂ ಸರಿಯಾಗೈತೆ. ಇದ್ಯಾಕೋ ಹೊಸದೂ ಸತ್ತೋಗೈತಲ್ಲಾ!"

ಪಾಷಾ ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ನೆಲ ನೋಡಿದ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನಾಳೆ ಹೆದ್ದಾರಿಗೆ ಹೋಗುವವಳು ಇವಳು.

"ಸತ್ತಿಲ್ಲ ಕಣ್ಲಾ," ಎಂದ ಕೊನೆಗೆ. "ಸೋರದೇ ಇರ್ಲಿ ಅಂತ ಒಸಿ ಅರಗು ಹಾಕಿದ್ದೆ."

ಚನ್ನಲಿಂಗಪ್ಪ ಬಿಚ್ಚಿ ತೆಗೆದ. ಹಳದಿ ಬಣ್ಣ ಮೆತ್ತಿಕೊಂಡು ಅದು ಥಳಥಳ ಹೊಳೆಯುತ್ತಿತ್ತು.

"ಇದೇನ್ಲಾ, ಸೆನ್ಸರ್ರಾ ಬುಗುರಿಯಾ? ಇದಕ್ಕಿರೋದು ಒಂದೇ ವೈರು. ವಾಪಸ್ ಕರೆಂಟು ಈ ತಿರುಪಿನ ಸುತ್ತಿಂದ್ಲೇ ಎಂಜಿನ್ ಮೈಗೆ ಹೋಗ್ಬೇಕು. ನೀನು ಅದರ ಬಾಯಿಗೇ ಅರಗು ಮೆತ್ತಿದ್ದೀಯ! ನಾಳೆ ಎಂಜಿನ್ ಕಾದು ಇದು ಕರಗಿದ್ರೆ ಎಣ್ಣೆ ಎಲ್ಲಾ ರಸ್ತೆ ಪಾಲು. ದೀಪ ಮಾತ್ರ ಹತ್ತಾಕಿಲ್ಲ."

ಪಾಷಾ ಅಲ್ಲೇ ಟೈರಿನ ಮೇಲೆ ಕುಸಿದು ಕೂತ. ಕೆಹಕಶಾನ್ ನೀರಿನ ಬಾಟಲಿ ಕೊಟ್ಟಳು.

ತಂತಿ ಬ್ರಷ್ಷಿನಿಂದ ಉಜ್ಜಿ ಬೆತ್ತಲೆ ಮಾಡಿದ ಸೆನ್ಸರನ್ನು ಚನ್ನಲಿಂಗಪ್ಪ ಮತ್ತೆ ಕೂರಿಸಿದ. ಅರ್ಧ ಕೀಗೆ ದೀಪ ಕೆಂಪಗೆ ಹತ್ತಿತು. ಸ್ಟಾರ್ಟ್ ಮಾಡಿದೊಡನೆ ಆರಿತು. ಕೆಹಕಶಾನ್ ಮೂರು ಸಲ ಮಾಡಿ ನೋಡಿ, "ಸರಿ, ನಾಳೆ ಹೋಗ್ತೀನಿ" ಎಂದಳು. ಆಗ ಅಪ್ಪನಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ನಾಲಿಗೆಯೂ ಬಂತು.

"ಇನ್ಮೇಲೆ ಅರಗಿನ ಕಡ್ಡಿ ಜೇಬಲ್ಲಿಟ್ಕೊಂಡು ನನ್ ಗ್ಯಾರೇಜಿಗೆ ಕಾಲಿಟ್ರೆ ನೋಡು!" ಎಂದ ಚನ್ನಲಿಂಗಪ್ಪ.

"ಆಯ್ತು ಬುಡ್ಲಾ," ಎಂದ ತಾಜ್ ಪಾಷಾ. "ಆ ಕಂಪ್ನಿ ಸೆನ್ಸರ್ರು ಎಣ್ಣೆನೇ ತಡೀಲಿಲ್ಲ. ನನ್ ಅರಗು ಕರೆಂಟನ್ನೇ ತಡೆದ್ಬುಡ್ತು. ಈಗ ಹೇಳು, ಯಾರ ಮಾಲು ಗಟ್ಟಿ?"