ಹೆಬ್ಬಳ್ಳಿಗೆ ಹೋದ ಕಟಿಂಗ್ ಖುರ್ಚಿ

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಹೆಂಡತಿಗೆ ನಾಲ್ಕು ಮಾತು ಹೇಳಿದರು. ನೆಲದ ಮೇಲೆ ಕೂರಬಾರದು. ಕುಕ್ಕರಗಾಲಿನಲ್ಲಿ ಕೂರಬಾರದು. ತಗ್ಗಿನ ಆಸನದಲ್ಲಿ ಕೂರಬಾರದು. ಸ್ಕೂಟರಿನ ಹಿಂದೆ ಹತ್ತಬಾರದು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿತ್ತು, ಹೊಸ ಕೀಲು ಕೂಡಿಸಿದ್ದರು. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿ ದುಡಿದವಳು ಅವಳು. ಇಂಥ ಮಾತನ್ನು ಸಾವಿರ ಮಂದಿಗೆ ತಾನೇ ಹೇಳಿದ್ದಾಳೆ. ಆದರೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯ ಹಾಗೆ ತಲೆಯಾಡಿಸುತ್ತ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ವಾಕರಿನ ಮೇಲೆ ಕೈಯೂರಿ ನಿಂತು ಒಂದೇ ಮಾತು ಅಂದಳು.

"ಹಂಗಾದ್ರ ಬುಧವಾರ ಮುಗೀತು."

ಬುಧವಾರವೆಂದರೆ ಹೆಬ್ಬಳ್ಳಿ. ನಿವೃತ್ತಿಯಾದ ಮೇಲೆ ಪ್ರತಿ ಬುಧವಾರ ನಾನು ಅವಳನ್ನು ಸ್ಕೂಟರಿನ ಮೇಲೆ ಧಾರವಾಡದಿಂದ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾದ ಹತ್ತು ಹನ್ನೆರಡು ಮಂದಿ ಒಬ್ಬ ಅಜ್ಜನ ಮನೆಯ ಕಟ್ಟೆಯ ಮೇಲೆ ಕಾದಿರುತ್ತಿದ್ದರು. ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ, ಮಣೆಯ ಮೇಲೆ ಕೂತು, ಒಬ್ಬೊಬ್ಬರ ಕಾಲನ್ನು ತೊಡೆಯ ಹತ್ತಿರ ಎಳೆದುಕೊಂಡು, ಅವಳು ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಕಟ್ಟೆಯ ಮನೆಯ ಅಜ್ಜನ ಕಾಲಿನ ಒಂದು ಬೆರಳನ್ನು ಹಿಂದೆಯೇ ತೆಗೆದಿದ್ದರು. ಉಳಿದ ಒಂಬತ್ತನ್ನು ಇವಳು ಕಾಯುತ್ತಿದ್ದಳು.

ಇವಳು ಆಸ್ಪತ್ರೆಯಲ್ಲಿದ್ದಾಗಲೇ ಆ ಅಜ್ಜ ಫೋನು ಮಾಡಿದ್ದರು. ಅಲ್ಲಿಯವರಿಗೆ ಸಿಸ್ಟರ್ ಅಂದರೆ ಬಾಯಾರು. "ಬಾಯಾರ, ನೀವು ಬರೂತನಾ ನಾ ಬ್ಯಾರೆ ಯಾರ ಕೈಯಾಗೂ ಕಾಲ ಕೊಡೂದಿಲ್ರಿ." ಬೇರೆಯವರ ಹತ್ತಿರ ತೋರಿಸಿಕೊಳ್ಳಿರಿ ಎಂದು ಇವಳು ಗದರಿದಳು. ಅಜ್ಜ ಕೇಳಲಿಲ್ಲ. ಕೊನೆಗೆ, ದೀಪಾವಳಿ ಪಾಡ್ಯ ಮುಗಿದ ಮೊದಲ ಬುಧವಾರ ಬರುತ್ತೇನೆಂದು ಮಾತು ಕೊಟ್ಟಳು. ಕೊಟ್ಟಾಗ ಈ ನಾಲ್ಕು ಮಾತು ತನಗೂ ಅನ್ವಯಿಸುತ್ತವೆಂದು ಅವಳಿಗೆ ಹೊಳೆದಿರಲಿಲ್ಲ.

ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ದಿನ ಗೊತ್ತಾದ ಮೇಲೆ ಕೆಲಸ ಸುಲಭ. ಹಿಂದಿನಿಂದ ಎಣಿಸುತ್ತ ಬಂದರಾಯಿತು. ಎಂಟು ವಾರವಿತ್ತು.

ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಮೂರು ಗಾಲಿಯ ಕಾರಿದೆ. ಮುಂದೆ ಒಂದು ಗಾಲಿ, ಹಿಂದೆ ಎರಡು. ಬೆನ್ನಿಗೆ ಸ್ಕೂಟರಿನ ಇಂಜಿನು, ಎರಡೇ ಸೀಟು, ತೆರೆದ ಮೈ, ಮಳೆ ಬಂದರೆ ಎಳೆದುಕೊಳ್ಳಲು ಒಂದು ಕ್ಯಾನ್ವಾಸಿನ ಹೊದಿಕೆ. ಇಂಥವು ಒಂದು ಕಾಲಕ್ಕೆ ಅಲ್ಲಲ್ಲಿ ಓಡಾಡುತ್ತಿದ್ದವು. ಕೆಂಪು ಬಣ್ಣ, ಮುಂದೆ ಚೂಪು, ಹಿಂದೆ ಅಗಲ. ನಮ್ಮ ಓಣಿಯವರು ಅದನ್ನು ಬೂಟು ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಅದರ ಪ್ರತಿ ಬೋಲ್ಟನ್ನೂ ನಾನೇ ಬಿಚ್ಚಿ ನಾನೇ ಬಿಗಿದಿದ್ದೇನೆ. ಓಡಿಸಿದ್ದಕ್ಕಿಂತ ರಿಪೇರಿ ಮಾಡಿದ್ದೇ ಹೆಚ್ಚು ಎಂದು ನನ್ನ ಹೆಂಡತಿಯ ದೂರು. ಅದು ಖರೇ.

ಸ್ಕೂಟರು ಆಗದಿದ್ದರೆ ಬೂಟು. ಆದರೆ ಬೂಟಿನ ಸೀಟು ನೆಲಕ್ಕೆ ಗೇಣು ಮೇಲೆ. ಕೂತರೆ ಮೊಳಕಾಲು ಗದ್ದಕ್ಕೆ ಬರುತ್ತವೆ. ಡಾಕ್ಟರು ಬೇಡವೆಂದದ್ದೇ ಅದು. ಎತ್ತರದ ಸೀಟು ಬೇಕು, ಅದು ಹೊರಕ್ಕೆ ತಿರುಗಬೇಕು, ಅವಳು ನಿಂತಲ್ಲೇ ಕೂತು ಒಳಕ್ಕೆ ತಿರುಗುವಂತಿರಬೇಕು. ಒಂದು ವಾರ ಹಾಳೆಯ ಮೇಲೆ ಚಿತ್ರ ಬರೆದೆ. ಉತ್ತರ ಸಿಕ್ಕದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ನನ್ನ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ್ದಾಗ.

ತಿಂಗಳ ಮೊದಲ ಶನಿವಾರ ನಾನು ಅಲ್ಲಿನ ಹಳೆಯ ಕಟಿಂಗ್ ಅಂಗಡಿಗೆ ಹೋಗುತ್ತೇನೆ. ಅಂಗಡಿಯವರು ಪಕ್ಕದ ಹಿಡಿಕೆ ಹಿಂದೆ ಮುಂದೆ ಆಡಿಸಿದರು, ನಾನು ಖುರ್ಚಿಯ ಸಮೇತ ಮೇಲೇರಿದೆ. ಒಂದು ಬೆರಳಿನಿಂದ ನೂಕಿದರು, ಬಾಗಿಲ ಕಡೆಗೆ ತಿರುಗಿದೆ. ಬಾಗಿಲ ಬಳಿ ಪ್ಲಾಸ್ಟಿಕ್ ಸುತ್ತಿದ ಮೂರು ಹೊಸ ಖುರ್ಚಿಗಳಿದ್ದವು.

"ಈ ಹಳೇದು ಏನ್ ಮಾಡ್ತೀರಿ?" ಎಂದೆ.

"ಗುಜರಿಗೆ ಹಾಕೂದ್ರಿ ಸರ. ಆಗಿನ ಕಬ್ಬಿಣ, ನಾಕ ಮಂದಿ ಬೇಕು ಎತ್ತಾಕ. ಯಾಕ್ರಿ?"

"ನನ್ನ ಗಾಡ್ಯಾಗ ಕೂಡಸ್ತೇನಿ."

ಕತ್ತರಿ ನಿಂತಿತು. "ಗಾಡ್ಯಾಗ? ನೀವೂ ಅಂಗಡಿ ತೆಗಿಯವ್ರೇನ್ರಿ ಮತ್ತ? ಓಣಿ ಓಣಿ ತಿರುಗಿ ಕಟಿಂಗ್ ಮಾಡಿದ್ರ ನನ್ನ ಗತಿ ಏನ್ರಿ ಸರ!"

"ನಿಮ್ಮ ಗಿರಾಕಿ ನಿಮಗಽ ಇರ್ಲಿ. ನನಗ ಒಬ್ಬಾಕಿನ ಗಿರಾಕಿ."

ವಿಷಯ ಹೇಳಿದೆ. ಅವರು ಅರ್ಧ ಕಟಿಂಗಾದ ನನ್ನ ತಲೆಯನ್ನು ಹಾಗೇ ಬಿಟ್ಟು, ಖುರ್ಚಿಯ ಬುಡದಲ್ಲಿ ಎಣ್ಣೆ ಎಲ್ಲಿ ಹಾಕಬೇಕೆಂದು ತೋರಿಸಿಕೊಟ್ಟರು.

ಗಾಡಿ ಬದಲಾಯಿಸುವ ಮುನ್ನ ಸಾರಿಗೆ ಕಚೇರಿಗೆ ಚಿತ್ರ ಒಯ್ದು ಒಪ್ಪಿಗೆ ಪಡೆದೆ. ಆಮೇಲೆ ದಿನಾ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕೆಲಸ. ಬಲಕ್ಕೆ ನಾನು ಓಡಿಸುವ ಸೀಟು, ಎಡಕ್ಕೆ ಖುರ್ಚಿ. ಎಡಗಡೆಯ ಫೈಬರ್ ಗೋಡೆಯನ್ನು ಗರಗಸದ ಬ್ಲೇಡಿನಿಂದ ನೆಲದ ಮಟ್ಟಕ್ಕೆ ಕೊಯ್ದು, ಬಿಜಾಗ್ರಿ ಹಚ್ಚಿ, ಬಾಗಿಲು ಮಾಡಿದೆ. ಫೈಬರಿನ ಪುಡಿ ಮೈಗೆ ಹತ್ತಿ ಮೂರು ದಿನ ಕೆರೆದುಕೊಂಡೆ. ನಾಲ್ಕನೆಯ ದಿನ ಹೆಂಡತಿ ಮಾಸ್ಕು, ಕೈಗವಸು, ತಲೆಯ ಟೋಪಿ ಎಲ್ಲ ಹಾಕಿಸಿಯೇ ಶೆಡ್ಡಿಗೆ ಬಿಟ್ಟಳು. ಖುರ್ಚಿಯ ಕೆಳಗೆ ದಪ್ಪ ಕಬ್ಬಿಣದ ಹಲಗೆ ಕೊಟ್ಟು, ನಾಲ್ಕು ಬೋಲ್ಟಿನಿಂದ ಗಾಡಿಯ ಚೌಕಟ್ಟಿಗೆ ಬಿಗಿದೆ. ವೆಲ್ಡಿಂಗ್ ಮಾತ್ರ ಹೊರಗೆ ಮಾಡಿಸಿದೆ. ಓಡುವಾಗ ಖುರ್ಚಿ ತಿರುಗದಂತೆ ಒಂದು ತೂತು ಕೊರೆದು, ಅದಕ್ಕೊಂದು ಉಕ್ಕಿನ ಗೂಟ ಮಾಡಿ, ಕಳೆಯಬಾರದೆಂದು ಸರಪಳಿಯಲ್ಲಿ ಕಟ್ಟಿದೆ. ಸೊಂಟಕ್ಕೆ ಬೆಲ್ಟು ಹಾಕಿದೆ.

ಒಂದು ಬೆಳಿಗ್ಗೆ ಅವಳು ವಾಕರಿಗೆ ಕಟ್ಟಿದ ಬುಟ್ಟಿಯಲ್ಲಿ ಚಹಾ ತಂದಿಟ್ಟು, ವಾಕರು ಹಿಡಿದು ನಿಂತೇ ಇದ್ದಳು.

"ರೀ, ಒಂದ ಮಾತು. ಹೋಗಿ ಮುಟ್ಟಿದ್ವಿ ಅಂತ ತಿಳ್ಕೋರಿ. ಮುಂದ? ನನಗ ಬಗ್ಗಾಕ ಬರೂದಿಲ್ಲ, ನೆಲಕ್ಕ ಕೂಡಾಕ ಬರೂದಿಲ್ಲ. ಅವ್ರ ಕಾಲು ನೆಲದ ಮ್ಯಾಲ ಇರ್ತಾವು."

"ಮೊದ್ಲ ಮುಟ್ಟೂಣು," ಎಂದೆ. "ಒಂದ ಆದಮ್ಯಾಲ ಒಂದು."

ಸ್ಪಾನರು ಎತ್ತಿಕೊಂಡು ಮತ್ತೆ ಗಾಡಿಯ ಕೆಳಗೆ ಹೊಕ್ಕೆ. ಅವಳು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಖುರ್ಚಿ ಕೂತಿತು, ಗಾಡಿ ವಾಲಿತು. ಅಷ್ಟು ಭಾರದ ಕಬ್ಬಿಣ ಒಂದೇ ಮಗ್ಗುಲಿಗೆ ಬಿದ್ದರೆ ಇನ್ನೇನಾಗುತ್ತದೆ! ಮೂರು ಗಾಲಿಯ ಗಾಡಿ ಸಮ ನಿಲ್ಲದಿದ್ದರೆ ತಿರುವಿನಲ್ಲಿ ಒಂದು ಗಾಲಿ ಎದ್ದೀತು. ಹಿಂದಿನ ಎಡ ಸ್ಪ್ರಿಂಗಿನ ಕೆಳಗೆ ಅಂದಾಜಿನಿಂದ ಮೂರು ವಾಶರು ಹಾಕಿದೆ. ಇನ್ನು ಅಳತೆ ನೋಡಬೇಕು, ಅದೂ ಇಬ್ಬರ ಭಾರದೊಂದಿಗೆ. ನನ್ನ ಸೀಟಿನಲ್ಲಿ ನನ್ನ ತೂಕದ ಉಸುಕು ಇಟ್ಟೆ. ಅವಳೇ ಅಳತೆ ಓದುವವಳಾದ್ದರಿಂದ ಖುರ್ಚಿಯಲ್ಲಿ ಜೋಳದ ಚೀಲ ಕೂಡಿಸಿ ಬೆಲ್ಟು ಕಟ್ಟಿದೆ.

ಅವಳು ಚೀಲವನ್ನು ಮೇಲಿಂದ ಕೆಳಗೆ ನೋಡಿದಳು. "ನಾ ಇಷ್ಟ ದಪ್ಪ ಅದೇನಂತ ಯಾರ ಹೇಳಿದ್ರು ನಿಮಗ?"

"ಡಿಸ್ಚಾರ್ಜ್ ಕಾಗದದಾಗ ಬರದಾರ. ತೂಗಿ ತುಂಬೇನಿ."

"ಚಪ್ಪಲಿ ಹಾಕ್ಕೊಂಡ ನಿಂತಿದ್ದೆ ಆವತ್ತ. ಎರಡ ಸೇರು ತಗೀರಿ."

ತೆಗೆದೆ. ಅಳತೆಯ ಸಾಮಾನು ಅವಳದು, ಸಲೈನಿನ ಉದ್ದನೆಯ ನಳಿಕೆ. ಅದರಲ್ಲಿ ಅಯೋಡಿನ್ ಬೆರೆಸಿದ ಕೆಂಪು ನೀರು ತುಂಬಿ, ಎರಡೂ ತುದಿಗಳನ್ನು ಗಾಡಿಯ ಎರಡು ಮಗ್ಗುಲಿಗೆ ಒಂದೇ ಎತ್ತರದಲ್ಲಿ ಎಳೆದ ಗೆರೆಗಳ ಮೇಲೆ ಅಂಟಿಸಿದಳು. ಗೌಂಡಿಗಳು ಗೋಡೆಯ ಮಟ್ಟ ನೋಡುವುದೂ ಹೀಗೆಯೇ. ಗಾಡಿಯ ಮುಂದೆ ವಾಕರು ಹಿಡಿದು ನಿಂತಳು. ನಾನು ಹಿಂದೆ ನೆಲದ ಮೇಲೆ ಮಲಗಿದ್ದೆ.

"ಎಡಕ್ಕ ಒಂದ ಬೆರಳು ತಗ್ಗು," ಎಂದಳು.

ಸ್ಪ್ರಿಂಗು ಸಡಿಲಿಸಿ ಎರಡು ವಾಶರು ಸೇರಿಸಿದೆ.

"ಎಡಕ್ಕ ಎರಡ ಬೆರಳು."

ಇನ್ನೆರಡು ಸೇರಿಸಿದೆ.

"ಮೂರ ಬೆರಳು! ಏನ್ ಮಾಡಾಕತ್ತೀರಿ ಅಲ್ಲೆ? ಜೋಳ ಹೊರಗ ಬೀಳೂಹಂಗ ಆಗೇತಿ!"

"ನೀ ಸರಿ ಓದು ಮೊದ್ಲ!"

ಮೂರು ಬೆಳಿಗ್ಗೆ ಹೀಗೇ ಹೋದವು. ಗೊತ್ತಾದ ದಿನಕ್ಕೆ ಉಳಿದದ್ದು ಹದಿನೈದು ದಿನ. ನಳಿಕೆಯಲ್ಲಿ ಗಾಳಿ ಸಿಕ್ಕಿದೆ ಎಂದು ನಾನು, ಸ್ಪ್ರಿಂಗು ಮುರಿದಿದೆ ಎಂದು ಅವಳು. ನಾಲ್ಕನೆಯ ಬೆಳಿಗ್ಗೆ ಅವಳು ಟಕ್ ಟಕ್ ಎಂದು ವಾಕರು ಊರುತ್ತ ಗಾಡಿಯನ್ನು ಸುತ್ತಿ ಬಂದು, ನಾನು ಪೇರಿಸಿದ್ದನ್ನು ಟಾರ್ಚು ಹಾಕಿ ನೋಡಿದಳು.

"ಎಲ್ಲಾ ಬಲಕ್ಕ ಹಾಕೀರಲ್ರಿ!"

"ನೀ ನನ್ನ ಕಡೆ ಮಾರಿ ಮಾಡಿ ನಿಂತಿದ್ದಿ. ಎದುರ ನಿಂತೋರ ಎಡ ಅಂದ್ರ ನನ್ನ ಬಲ. ಮೂವತ್ನಾಕ ವರ್ಷ ಅದನ್ನಽ ಮಾಡೇನಿ."

ಡ್ರಿಲ್ ಮಾಸ್ತರನ ಅಭ್ಯಾಸವೇ ಅದು. ಸಾಲಿನ ಎದುರು ನಿಂತು 'ಎಡ' ಎಂದು ಕೂಗುತ್ತ ಬಲಗೈ ಎತ್ತಿದರೆ ಮಾತ್ರ ಮಕ್ಕಳು ಸರಿ ತಿರುಗುತ್ತಾರೆ. ಮೊದಲ ಮೂರು ವಾಶರು ಹೆಚ್ಚಾಗಿ ಈಗ ಬಲ ತಗ್ಗಿರಬೇಕು ಎಂದುಕೊಂಡು, ಅವಳು ಹೇಳಿದ್ದನ್ನೆಲ್ಲ ತಿರುಗಿಸಿ ಕೇಳಿಸಿಕೊಂಡಿದ್ದೆ.

"ನಾ ಏನು ನಿಮ್ಮ ಸಾಲಿ ಹುಡುಗಿ ಏನು?" ಎಂದಳು. "ಎಡ ಅಂದ್ರ ರೋಗೀ ಎಡ. ಎಲ್ಲೇ ನಿಂತ ನೋಡ್ರಿ, ರೋಗೀ ಎಡ. ಥಿಯೇಟರಿನ್ಯಾಗ ನಿಮ್ಮಂಥವ್ರು ಇದ್ದಿದ್ರ ಮಂದೀದು ಛಲೋ ಕಾಲಽ ಕೊಯ್ದ ಹೋಗ್ತಿತ್ತು!"

ನಾನು ಮಲಗಿದಲ್ಲೇ ನಗತೊಡಗಿದೆ. ಅವಳಿಗೂ ನಗು ಬಂತು. ಹೊಟ್ಟೆ ಅಲುಗಿದರೆ ಸೊಂಟ ನೋಯುತ್ತದೆ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಎಡಬಲ ನಿಷಿದ್ಧ. ಒಂದು ಖುರ್ಚಿ ಬಾಜು, ಇನ್ನೊಂದು ಸ್ಟೇರಿಂಗ್ ಬಾಜು. ಅರ್ಧ ತಾಸಿನಲ್ಲಿ ಕೆಂಪು ನೀರು ಎರಡೂ ತುದಿಯಲ್ಲಿ ಗೆರೆಗೆ ಬಂದು ನಿಂತಿತು.

ಜೋಳದ ಚೀಲವನ್ನು ಹನ್ನೆರಡು ದಿನ ಊರೆಲ್ಲ ಸುತ್ತಿಸಿದೆ. ಖುರ್ಚಿಯ ಕೈಯ ಮೇಲೆ ಸ್ಟೀಲಿನ ಲೋಟದಲ್ಲಿ ನೀರು. ಮೊದಲ ದಿನ ಅರ್ಧ ಚೆಲ್ಲಿತು, ನಿಧಾನ ಮಾಡಿದೆ, ಗಾಲಿಯ ಗಾಳಿ ಸರಿ ಮಾಡಿದೆ. ಕೊನೆಯ ದಿನ ಲೋಟದ ಕಂಠದವರೆಗೆ ತುಂಬಿಕೊಂಡು ಹೋಗಿ ಕಂಠದವರೆಗೇ ತಂದೆ. ಅದನ್ನು ಹೆಂಡತಿಗೆ ಕೊಟ್ಟೆ. ಅವಳು ಒಂದೇ ಗುಟುಕಿಗೆ ಕುಡಿದಳು.

ಆ ಬುಧವಾರ ಏಳು ಹತ್ತಕ್ಕೆ ಹೊರಟೆವು. ಬಾಗಿಲು ತೆರೆದು ಖುರ್ಚಿಯನ್ನು ಹೊರಕ್ಕೆ ತಿರುಗಿಸಿದೆ. ಅವಳು ಬೆನ್ನು ಹಾಕಿ ನಿಂತಳು, ಕೂತಳು. ಒಳಕ್ಕೆ ತಿರುಗಿಸಿ ಗೂಟ ಹಾಕಿ ಬೆಲ್ಟು ಬಿಗಿದೆ. ನನಗಿಂತ ಒಂದು ಮೊಳ ಎತ್ತರದಲ್ಲಿ ಅವಳು ಕೂತಿದ್ದಳು, ಔಷಧಿಯ ಪೆಟ್ಟಿಗೆ ತೊಡೆಯ ಮೇಲೆ. ಓಣಿಯವರು ಬಾಗಿಲಿಗೆ ಬಂದು ನಿಂತರು. ಯಾರೋ "ಬಾಯಾರ, ಶೇವಿಂಗ್ ಆತೇನ್ರಿ?" ಎಂದು ಕೂಗಿದರು. "ನಿಂದಽ ಬಾಕಿ ಐತಿ, ಬರೂಮುಂದ ಮಾಡ್ತೇನಿ!" ಎಂದು ಇವಳು ತಿರುಗಿ ಕೂಗಿದಳು. ಊರು ದಾಟಿದ ಮೇಲೆ ಎರಡೂ ಬದಿಗೆ ಮೊಳಕಾಲೆತ್ತರದ ಜೋಳ, ಕರಿ ಹೊಲ, ತಂಪು ಗಾಳಿ. ತಗ್ಗು ಬಂದಲ್ಲೆಲ್ಲ ಅವಳು ನನಗಿಂತ ಮೊದಲು ಕಂಡು ಹೇಳುತ್ತಿದ್ದಳು. ಅರ್ಧ ದಾರಿಯ ಮೇಲೆ ಸುಮ್ಮನಾದಳು.

ಹೆಬ್ಬಳ್ಳಿಯ ಕಟ್ಟೆಯ ಮೇಲೆ ಹನ್ನೊಂದು ಮಂದಿ ಇದ್ದರು. ಎಂದಿನ ಹಾಗೆ ಕಾಲು ಚಾಚಿ ನೆಲಕ್ಕೆ ಕೂತಿದ್ದರು. ಪಕ್ಕದಲ್ಲಿ ಅವಳ ಮಣೆ, ತೊಳೆದು ಒರೆಸಿ ಇಟ್ಟದ್ದು. ಖುರ್ಚಿ ತಿರುಗಿತು, ಅವಳು ಯಾರ ಕೈಯೂ ಹಿಡಿಯದೆ ಎದ್ದು ನಿಂತಳು. ಎಲ್ಲರೂ ಖುಷಿಪಟ್ಟರು. ಅವಳು ಮಾತ್ರ ಆ ಮಣೆಯನ್ನೇ ನೋಡುತ್ತಿದ್ದಳು.

ಕಟ್ಟೆಯ ಮನೆಯ ಅಜ್ಜ ಕೋಲೂರಿಕೊಂಡು ಗಾಡಿಯ ಹತ್ತಿರ ಬಂದರು. ಖುರ್ಚಿಯ ಮೇಲೆ ಕೈಯಾಡಿಸಿದರು. ತಿರುಗಿಸಿ ನೋಡಿದರು. ಯಾರನ್ನೂ ಕೇಳದೆ ಕೂತೇ ಬಿಟ್ಟರು.

"ಬಾಯಾರ, ಕಟಿಂಗೂ ನೀವಽ ಮಾಡವ್ರೇನ್ರಿ ಇನ್ನ?"

ಮಂದಿ ನಕ್ಕರು. ಅವಳು ನಗಲಿಲ್ಲ. ಖುರ್ಚಿಯ ಕಾಲಿಡುವ ತಗಡಿನ ಮೇಲೆ ಇಟ್ಟ, ಕೊಳೆಯಾದ ಪಟ್ಟಿ ಸುತ್ತಿದ ಅಜ್ಜನ ಕಾಲನ್ನು ನೋಡಿದಳು. ಮೆಲ್ಲಗೆ ಹಿಡಿಕೆಗೆ ಕೈ ಹಾಕಿದಳು. ಹಿಂದೆ, ಮುಂದೆ. ಅಜ್ಜ ಒಂದು ಬೆರಳು ಮೇಲೇರಿದರು. ಹಿಂದೆ, ಮುಂದೆ. ಗಾಡಿಯ ಎತ್ತರ, ಅದರ ಮೇಲೆ ಖುರ್ಚಿಯ ಎತ್ತರ. ಅಜ್ಜ "ಏ, ಏ" ಎನ್ನುತ್ತ ಕೋಲನ್ನು ಎದೆಗವಚಿಕೊಂಡರು. ಅವರ ಕಾಲು ಬಂದು ಅವಳ ಸೊಂಟದ ಮಟ್ಟಕ್ಕೆ ನಿಂತಿತು, ಥಿಯೇಟರಿನ ಟೇಬಲ್ಲಿನ ಮಟ್ಟಕ್ಕೆ.

ಅವಳು ನೆಟ್ಟಗೆ ನಿಂತಿದ್ದಳು. ಬಗ್ಗಿರಲಿಲ್ಲ. ಒಂದು ಕೈ ಗಾಡಿಯ ಅಂಚಿಗೆ ಊರಿತ್ತು.

"ಪೆಟ್ಟಿಗಿ ತಗೀರಿ," ಎಂದಳು ನನಗೆ. "ಮತ್ತ ಆ ಮಣಿ ಒಳಗ ಇಡಾಕ ಹೇಳ್ರಿ. ಇನ್ನ ಬ್ಯಾಡ."

ಪಟ್ಟಿ ಬಿಚ್ಚಿದಳು. ಬಾಗಿ ನೋಡದೆಯೇ ಗಾಯ ಕಣ್ಣೆದುರಿಗಿತ್ತು. ಅಂಚು ಕೆಟ್ಟಿತ್ತು, ಆದರೆ ಬೆರಳು ಬೆಚ್ಚಗಿತ್ತು. ಒಂಬತ್ತನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. "ಒಂಬತ್ತೂ ಅದಾವು ನೋಡಜ್ಜಾ. ಹಟಮಾರಿ ಮುದುಕ, ನಿನ್ನ ನಸೀಬ ಛಲೋ ಐತಿ," ಎಂದಳು. ಅಜ್ಜ ಮೇಲಿನಿಂದಲೇ ಊರಿಗೆಲ್ಲ ಕೇಳುವಂತೆ, "ನಾ ಅಂದಿದ್ದಿಲ್ಲೇನು, ಬಾಯಾರು ಬರ್ತಾರಂತ!" ಎಂದರು.

ಉಳಿದವರನ್ನು ನಾನು ಸಾಲಾಗಿ ನಿಲ್ಲಿಸಿದೆ. ಅದು ನನಗೆ ಬರುವ ಕೆಲಸ. ಒಬ್ಬರು ಇಳಿದರೆ ಒಬ್ಬರು ಹತ್ತುತ್ತಿದ್ದರು, ಪ್ರತಿಯೊಬ್ಬರೂ ಮೇಲೇರುವಾಗ ಸುತ್ತಲೂ ನೋಡಿ ನಗುತ್ತಿದ್ದರು. ಮೊದಲು ಇಡೀ ಬೆಳಗು ಹಿಡಿಯುತ್ತಿದ್ದ ಕೆಲಸ ಹತ್ತೂವರೆಗೆ ಮುಗಿಯಿತು.

ವಾಪಸು ಬರುವಾಗ ಅವಳು ಅರ್ಧ ದಾರಿಯಲ್ಲೂ ಸುಮ್ಮನಾಗಲಿಲ್ಲ.

"ರೀ, ಒಂದ ಟ್ರೇ ಬೇಕು. ಕತ್ರಿ, ಹತ್ತಿ ಇಡಾಕ. ಖುರ್ಚಿ ಬಾಜು, ನನ್ನ ಕೈಗೆ ಸಿಗೂಹಂಗ. ಮ್ಯಾಲ ಒಂದ ಛತ್ರಿ. ಬ್ಯಾಸಿಗ್ಯಾಗ ಬಿಸಲು ಭಾಳ."

ಟ್ರೇ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಕೂತಿತು. ಛತ್ರಿಯ ಕೊಳವೆಗೆ ತೂತು ಕೊರೆಯುವುದು ಈ ವಾರದ ಕೆಲಸ.