ಅಪ್ಪನ ಪದಗಳು ಮತ್ತು ಇಬ್ಬರ ಕಂಪ್ಯೂಟರ್

ನಮ್ಮ ಮನೆಗೆ ಕಂಪ್ಯೂಟರ್ ಒಂದೇ, ಬಳಸುವವರು ಇಬ್ಬರು. ರೋಣದ ಮನೆಯ ಮುಂದಿನ ಕೋಣೆಯಲ್ಲಿ ನಾನು ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡಿಕೊಡುತ್ತಿದ್ದೆ. ನನಗೆ ವಿಂಡೋಸ್ ಬೇಕು. ನನ್ನ ತಮ್ಮ ಗಜೇಂದ್ರಗಡದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಅವನಿಗೆ ಲಿನಕ್ಸ್ ಬೇಕು. ಎರಡನ್ನೂ ಅದರಲ್ಲೇ ಹಾಕಿದ; ಶುರು ಮಾಡುವಾಗ ಬೇಕಾದ ಒಂದನ್ನು ಆರಿಸಿಕೊಳ್ಳಬೇಕು. ಇಬ್ಬರ ಫೈಲುಗಳಿಗೂ ಹಾರ್ಡ್ ಡಿಸ್ಕಿನಲ್ಲಿ ಬೇರೆ ಒಂದು ಭಾಗ ಮಾಡಿ, ಇದು ಎರಡೂ ಕಡೆಯಿಂದ ತೆರೆಯುತ್ತದೆ, ಚಿಂತೆಯಿಲ್ಲ ಎಂದ.

ಅಲ್ಲಿ ನಾನು ಅಪ್ಪನ ಪದಗಳನ್ನು ಇಟ್ಟೆ. ಅಪ್ಪ ಮೊಹರಂನಲ್ಲಿ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವವರು. ರಾಜೂರಿನ ಗುರುಗಳಿಂದ ಬಾಯಿಂದ ಬಾಯಿಗೆ ಕಲಿತದ್ದು, ಎಲ್ಲೂ ಬರೆದಿಟ್ಟಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವರು ಹೇಳುವರು, ನಾನು ಟೈಪ್ ಮಾಡುವೆ. ನಿಧಾನವಾಗಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ಧಾಟಿ ತಪ್ಪಿದರೆ ಮಾತೂ ತಪ್ಪಿ, ಮತ್ತೆ ಮೊದಲಿಂದ ಶುರು. ಇಡೀ ಬೇಸಿಗೆ ಹೀಗೇ ಹೋಯಿತು.

ಒಂದು ಬೆಳಿಗ್ಗೆ ನೋಡಿದರೆ ಫೈಲುಗಳ ಹೆಸರೆಲ್ಲ ಗೀಚಿಟ್ಟಂತಿದ್ದವು. ಕೆಲವು ತೆರೆಯಲೇ ಇಲ್ಲ. ತೆರೆದ ಒಂದರೊಳಗೆ ತಮ್ಮನ ಪ್ರಶ್ನೆಪತ್ರಿಕೆಯ ತುಂಡು ಬಂದು ಕೂತಿತ್ತು. ವೈರಸ್ ಇರಬೇಕೆಂದು ಅವನು ಹುಡುಕಿದ, ಸಿಗಲಿಲ್ಲ. ಉಳಿದದ್ದನ್ನು ಸರಿಮಾಡಿಟ್ಟ. ವಾರದೊಳಗೆ ಮತ್ತೆ ಅದೇ ಗತಿ.

ನನಗೆ ತಡೆಯಲಾಗಲಿಲ್ಲ. "ನಿನ್ನ ಲಿನಕ್ಸ್ ತಗದ್ ಹಾಕ್ ಮೊದ್ಲ. ಅದು ಬಂದ್ ಮ್ಯಾಲೇ ಹಿಂಗಾಗಾಕತ್ತೇತಿ," ಎಂದೆ.

ಅವನು, "ಅಕ್ಕಾ, ನೀ ಬಂದ್ ಮಾಡೂದು ಹ್ಯಾಂಗ? ನನ್ ಮುಂದ ಒಂದ್ಸಲ ಮಾಡಿ ತೋರ್ಸು," ಎಂದ.

ನಮ್ಮಲ್ಲಿ ಕರೆಂಟಿಗೆ ಹೊತ್ತುಗೊತ್ತಿಲ್ಲ. ಅದು ಹೋದರೆ ಎಲ್ಲ ಫೈಲು ಮುಚ್ಚಿ ಬಂದ್ ಮಾಡುವಷ್ಟು ಹೊತ್ತು ಯು.ಪಿ.ಎಸ್. ನಿಲ್ಲದು. ಹಾಗಾಗಿ ನಾನು ಪೂರ್ತಿ ಬಂದ್ ಮಾಡದೆ ಹೈಬರ್ನೇಟ್ ಮಾಡುತ್ತಿದ್ದೆ. ಮರುದಿನ ಕೆಲಸ ಬಿಟ್ಟಲ್ಲೇ ತೆರೆದುಕೊಳ್ಳುತ್ತಿತ್ತು. ಅದನ್ನು ನೋಡಿ ಅವನು ತಲೆ ಹಿಡಿದುಕೊಂಡು ವಿವರಿಸಿದ. ಯಾವ ಫೈಲು ಎಲ್ಲಿದೆ ಎಂಬ ನೆನಪನ್ನು ಇಟ್ಟುಕೊಂಡೇ ವಿಂಡೋಸ್ ಮಲಗಿರುತ್ತದೆ. ಆ ಹೊತ್ತಿನಲ್ಲಿ ಇವನು ಲಿನಕ್ಸಿನಿಂದ ಅಲ್ಲೇ ಬರೆಯುತ್ತಾನೆ. ಎದ್ದ ವಿಂಡೋಸಿಗೆ ಅದು ಗೊತ್ತಿಲ್ಲ. ಹಳೆಯ ನೆನಪಿನಂತೆ ಇವನು ಬರೆದದ್ದರ ಮೇಲೇ ಬರೆಯುತ್ತದೆ. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. ತನಗೂ ಈಗಲೇ ಹೊಳೆಯಿತು ಎಂದ. ಸಿಟ್ಟು ಯಾರ ಮೇಲೆ ತೀರಿಸಲಿ?

ಅಂದಿನಿಂದ ಪೂರ್ತಿ ಬಂದ್ ಮಾಡದೆ ಇನ್ನೊಂದನ್ನು ತೆರೆಯುವಂತಿಲ್ಲ ಎಂದು ಗೊತ್ತುಮಾಡಿಕೊಂಡೆವು. ಎಲ್ಲದರ ನಕಲು ಸಿ.ಡಿ.ಗೂ ಹೋಗತೊಡಗಿತು. ಮತ್ತೆ ಫೈಲು ಕೆಡಲಿಲ್ಲ. ಆದರೆ ಕೆಟ್ಟದ್ದು ಕೆಟ್ಟೇ ಹೋಗಿತ್ತು.

ಅಪ್ಪನಿಗೆ ಹೇಳಲೇಬೇಕಾಯಿತು. ಬೈಯಲಿಲ್ಲ. "ಬಾ, ಕುಂದ್ರು. ಮತ್ತ ಹೇಳ್ತೀನಿ," ಎಂದರು. ಬಹಳಷ್ಟು ಬಂದವು. ಒಂದು ಪದದ ನಡುವಿನ ನುಡಿಗಳು ಮಾತ್ರ ಬರಲೇ ಇಲ್ಲ. ಎಷ್ಟು ಸಲ ಮೊದಲಿಂದ ಹಿಡಿದರೂ ಅಲ್ಲೇ ತಡವರಿಸಿ ನಿಲ್ಲುವರು. ಕೊನೆಗೆ ಬೇಸತ್ತು ಎದ್ದು ಅಂಗಳಕ್ಕೆ ಹೋದರು. ನಾನು ಆ ಜಾಗ ಖಾಲಿ ಬಿಟ್ಟೆ.

ಮುಂದಿನ ಮೊಹರಂನಲ್ಲಿ ಹಾಡುವಾಗ ಆ ನುಡಿಗಳು ಅವರ ಬಾಯಿಗೆ ತಾವಾಗಿ ಬಂದವು. ನಾನು ಹೆಂಗಸರ ಗುಂಪಿನಲ್ಲಿ ದೂರ ನಿಂತಿದ್ದೆ. ಹಲಗೆಯ ಸದ್ದಿನಲ್ಲಿ ಅರ್ಧಂಬರ್ಧ ಕೇಳಿಸಿತು. ಮನೆಗೆ ಬಂದು ಕೇಳಿದರೆ, ಏನು ಹಾಡಿದೆನೋ ನೆನಪಿಲ್ಲ ಎಂದರು.